ಗಂಟಲು ತೆಗೆ

ಕನ್ನಡದಲ್ಲಿ ನಾವು ಬಾಗಿಲು ತೆಗೆಯುತ್ತೇವೆ, ಕಸ ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಪುರುಸೊತ್ತಿದ್ದರೆ ಜಗಳವನ್ನೂ ತೆಗೆಯುತ್ತೇವೆ. ಒಂದರಲ್ಲಿ ಒಳಗಿರುವುದು ಕಾಣುತ್ತದೆ, ಇನ್ನೊಂದರಲ್ಲಿ ಇದ್ದದ್ದು ಹೋಗುತ್ತದೆ, ಮತ್ತೊಂದರಲ್ಲಿ ಇಲ್ಲದ್ದು ಹುಟ್ಟಿಕೊಳ್ಳುತ್ತದೆ. ಇಷ್ಟೆಲ್ಲ ಕೆಲಸವನ್ನು ಒಂದೇ ಪದದ ತಲೆಗೆ ಕಟ್ಟಿ ಆರಾಮವಾಗಿ ಬದುಕಿದ್ದೇವೆ, ಯಾಕೆಂದರೆ ಕೇಳುವವರೂ ಮನುಷ್ಯರೇ. "ಬಾಗಿಲು ತೆಗೆ" ಎಂದರೆ ಯಾರೂ ಬಾಗಿಲನ್ನು ಕಿತ್ತು ಅಂಗಳಕ್ಕೆ ಎಸೆಯುವುದಿಲ್ಲ. ಕೇಳುವುದು ಯಂತ್ರವಾದರೆ?

ಯಂತ್ರದ ಹೆಸರು ಅಪ್ಪಣೆ. ಹುಬ್ಬಳ್ಳಿಯ ಧ್ವನಿ ಭಂಡಾರದಲ್ಲಿ ಸರ್ವರ್‌ಗಳನ್ನು ನಡೆಸುವವರು ಚಿತ್ರಗಳ ಮೇಲೆ ಬೆರಳಿಟ್ಟು ಕೆಲಸ ಮಾಡುವುದಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಎಂಟರ್ ಒತ್ತುತ್ತಾರೆ, ಅಷ್ಟೆ. ಹಿಂದೆ ಆ ಸಾಲನ್ನು ಇಂಗ್ಲಿಷಿನ ಚಿಕ್ಕಚಿಕ್ಕ ಸಂಕೇತಗಳಲ್ಲಿ ಬರೆಯಬೇಕಿತ್ತು. ಅಪ್ಪಣೆ ಬಂದ ಮೇಲೆ ನೇರ ಕನ್ನಡದಲ್ಲೇ ಬರೆಯಬಹುದು: ತೋರಿಸು, ಹುಡುಕು, ಎಣಿಸು, ಅಳಿಸು. ಹೇಳಿದ್ದನ್ನು ಅದು ತಕ್ಷಣ ಮಾಡುತ್ತದೆ, ಮರುಪ್ರಶ್ನೆ ಹಾಕುವುದಿಲ್ಲ. ಮದುವೆಯಾದ ಹೊಸತರಲ್ಲಿ ಕೆಲವು ಗಂಡಂದಿರು ಹೀಗೇ ಇರುತ್ತಾರೆ.

ಭಂಡಾರದಲ್ಲಿ ಇರುವುದು ಗಂಟಲುಗಳು. ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆ ಕಳೆದುಕೊಂಡವರು ಕೊರಳಿಗೆ ತೆಳ್ಳನೆಯ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅವರು ಮಾತನಾಡಲು ಹೊರಟಾಗ ಸ್ನಾಯುಗಳು ಹೇಗೆ ಅಲುಗುತ್ತವೆ ಎಂಬುದನ್ನು ಪಟ್ಟಿ ಓದಿ ಭಂಡಾರಕ್ಕೆ ಕಳುಹಿಸುತ್ತದೆ. ಅಲ್ಲಿ ಅವರದೇ ಹಳೆಯ ಧ್ವನಿಯ ಕಡತವಿರುತ್ತದೆ. ಆ ಧ್ವನಿಯಲ್ಲಿ ತಯಾರಾದ ಮಾತು ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿಯ ಸ್ಪೀಕರಿಗೆ ಮರಳುತ್ತದೆ. ಆ ಕಡತಕ್ಕೆ ಭಂಡಾರದವರು ಇಟ್ಟಿರುವ ಹೆಸರೇ ಗಂಟಲು.

ಕದ್ದ ಧ್ವನಿಯಲ್ಲಿ ಫೋನ್ ಮಾಡಿ ಮೋಸ ಮಾಡುವವರು ಹೆಚ್ಚಿದ ಕಾಲವದು. ಹಾಗಾಗಿ ಪ್ರತಿ ಗಂಟಲಿಗೂ ಒಂದು ಬೀಗ. ಒಡೆಯರು ಮಾತನಾಡುತ್ತಿರುವಾಗ ಮಾತ್ರ ಬೀಗ ತೆರೆದಿರುತ್ತದೆ. ಮಾತು ನಿಂತು ಸ್ವಲ್ಪ ಹೊತ್ತಾದರೆ ಭಂಡಾರವು ಆ ಕಡತವನ್ನು ಹಿಡಿದ ಕೈಗಳನ್ನೆಲ್ಲ ಬಿಡಿಸಿಬಿಡುತ್ತದೆ, ಸರ್ವರ್ ನಡೆಸುವವರ ಕೈಯನ್ನೂ. "ನಮಗೂ ವಿನಾಯಿತಿ ಬ್ಯಾಡ. ನಾಳೆ ನಾವ ಕಳ್ಳರಾದ್ರ?" ಎಂದು ಸಭೆಯಲ್ಲಿ ಮೇಜು ಕುಟ್ಟಿ ವಾದಿಸಿದವಳು ನೀಲಾಂಬಿಕಾ ಹಂಚಿನಾಳ. ಭಂಡಾರದ ಸರ್ವರ್‌ಗಳೆಲ್ಲ ಅವಳ ಜವಾಬ್ದಾರಿ.

ನೀಲಾಂಬಿಕಾ ಎಚ್ಚರಿಕೆಗೆ ಹೆಸರಾದವಳು. ಹೊಸದಾಗಿ ಸೇರಿದವರಿಗೆ ಅವಳ ಪಾಠ ಕೇಳಿ ಕೇಳಿ ಬಾಯಿಪಾಠವಾಗಿರುತ್ತದೆ. "ಯಾವ ಯಂತ್ರದೊಳಗ ನಿಂತೀನಿ ಅಂತ ಮೊದ್ಲ ನೋಡ್ಕೋರಿ. ಅಳಿಸು ಅನ್ನೂ ಮುಂದ ಅದ ಸಾಲಿನಾಗ ತೋರಿಸು ಅಂತ ಬರೀರಿ. ಅದು ಏನೇನ ತೋರಸ್ತದ ಅದನ್ನ ಕಣ್ಣಾರೆ ಓದಿ, ಆಮ್ಯಾಲೆ ಅಳಸ್ರಿ. ಹೆಸರಿನ ನಡುವ ಖಾಲಿ ಜಾಗ ಇದ್ರ ಉದ್ಧರಣ ಚಿಹ್ನೆ ಹಾಕ್ರಿ, ಇಲ್ಲಂದ್ರ ಒಂದು ಹೆಸರು ಎರಡಾಗಿ ಎರಡೂ ಹೋಗ್ತಾವ." ಇಷ್ಟು ಹೇಳುವವಳೂ ಅಳಿಸುವ ಮುಂಚೆ ಮಾತ್ರ ಹೆದರುತ್ತಿದ್ದಳು. ತೆರೆಯುವ ಮುಂಚೆ ಯಾರು ಹೆದರುತ್ತಾರೆ?

ಆ ಬೆಳಗ್ಗೆ ಬಂದಿದ್ದು ಒಂದು ದೂರು. ಹಳೇ ಹುಬ್ಬಳ್ಳಿಯ ದ್ರೌಪದಿಬಾಯಿ ಬಳಿಗಾರ ಅವರ ಗಂಟಲಿನಲ್ಲಿ ಳಕಾರ ಕೆಟ್ಟಿದೆ, ಕೊಪ್ಪಳ ಹೋಗಿ ಕೊಪ್ಪಲ ಆಗುತ್ತಿದೆ ಎಂದು. ಬೇರೆ ಯಾರಿಗಾದರೂ ಇದು ಸಣ್ಣ ವಿಷಯ. ದ್ರೌಪದಿಬಾಯಿ ಮಾತ್ರ ನಿವೃತ್ತಿಯಾಗುವ ತನಕ ಬಸ್ ನಿಲ್ದಾಣದ ಮೈಕಿನಲ್ಲಿ ಊರುಗಳ ಹೆಸರು ಕೂಗಿದವರು. "ಹುಬ್ಬಲ್ಲಿ ಅನ್ನೂ ಊರು ಎಲ್ಲೈತವಾ? ನಾ ಅಂತೂ ಅಲ್ಲಿಗೆ ಬಸ್ ಬಿಟ್ಟಿಲ್ಲ" ಎಂದು ಅವರು ದೂರಿನಲ್ಲಿ ಕೇಳಿದ್ದರು. ಓದಿ ನಕ್ಕ ನೀಲಾಂಬಿಕಾ ಅವರ ಕಡತವನ್ನು ತೆರೆದು ನೋಡಲು ಒಂದು ಸಾಲು ಬರೆದಳು.

ದ್ರೌಪದಿಬಾಯಿ ಗಂಟಲು ತೆಗೆ

ಅಪ್ಪಣೆ ಉತ್ತರಿಸಿತು: ತೆಗೆಯಲಾಗಿದೆ.

ಕಡತ ಪರದೆಯ ಮೇಲೆ ಹರಡಿಕೊಳ್ಳಲಿ ಎಂದು ಅವಳು ಕಾದಳು. ಏನೂ ಬರಲಿಲ್ಲ. ಮತ್ತೆ ಅದೇ ಸಾಲು ಬರೆದಳು. "ಆ ಹೆಸರಿನ ಗಂಟಲು ಇಲ್ಲ" ಎಂದಿತು ಪರದೆ.

ಹಿಂದಿನ ದಿನದವರೆಗೂ ಅದೇ ಸಾಲಿಗೆ ಅಪ್ಪಣೆ ಕಡತವನ್ನು ತೆರೆದೇ ತೋರಿಸುತ್ತಿತ್ತು. ಅವತ್ತು ಅದಕ್ಕೆ ಹೊಸ ಆವೃತ್ತಿ ಹಾಕಿದ್ದರು. ಭಂಡಾರ ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ಸೇರಿದ್ದು, ಆಸ್ಪತ್ರೆಯ ಕನ್ನಡ ಚೆನ್ನಾಗಿ ಬರಲಿ ಎಂದು ತಯಾರಕರು ಅದಕ್ಕೆ ವೈದ್ಯರ ಮತ್ತು ನರ್ಸ್‌ಗಳ ಮಾತನ್ನು ರಾಶಿಗಟ್ಟಲೆ ಕಲಿಸಿದ್ದರು. ಹಲ್ಲು ತೆಗೆ, ಹೊಲಿಗೆ ತೆಗೆ, ಗಡ್ಡೆ ತೆಗೆ. ಆ ಶಾಲೆಯಲ್ಲಿ ಓದಿ ಬಂದ ಯಂತ್ರಕ್ಕೆ ಗಂಟಲು ತೆಗೆ ಎಂದರೆ ಎರಡನೇ ಅರ್ಥ ಎಲ್ಲಿಂದ ಹೊಳೆಯಬೇಕು? ಅದು ಶ್ರದ್ಧೆಯಿಂದ ಶಸ್ತ್ರಕ್ರಿಯೆ ಮಾಡಿತ್ತು.

"ಸುಧನ್ವಾ, ಇಲ್ಲಿ ಬರ್ರಿ. ಲಗೂನ!"

ಪಕ್ಕದ ಮೇಜಿನ ಸುಧನ್ವ ಮೈಸೂರಿನವನು, ಅವಳಿಗಿಂತ ಚಿಕ್ಕವನು. ಪರದೆ ಓದಿ ಅವನು ಮೊದಲು ನಂಬಲಿಲ್ಲ.

"ಹೋಗ್ಲಿ ಬಿಡಿ ಮೇಡಂ, ಕನ್ನಡಿ ಸರ್ವರ್ ಇದೆಯಲ್ಲ."

"ಕನ್ನಡಿ ಏನ ಮಾಡ್ತದ? ಇಲ್ಲಿ ಇದ್ದದ್ದು ಅಲ್ಲಿ ಕಾಣ್ತದ. ಇಲ್ಲಿ ಹೋದದ್ದು ಅಲ್ಲೂ ಹೋಗೇದ."

"ವಾರದ ನಕಲು?"

ವಾರದ ನಕಲು ತಪ್ಪದೆ ನಡೆಯುತ್ತಿತ್ತು. ಪ್ರತಿ ಸಲವೂ "ಮುಗಿಯಿತು" ಎಂಬ ಸಂದೇಶ ಬರುತ್ತಿತ್ತು, ಇವರೂ ನೆಮ್ಮದಿಯಾಗಿದ್ದರು. ಈಗ ಸುಧನ್ವ ಮೊದಲ ಬಾರಿಗೆ ಅದರೊಳಗೆ ಇಣುಕಿದ. ಗಂಟಲುಗಳ ಹೆಸರೆಲ್ಲ ಸಾಲಾಗಿ ಇದ್ದವು, ಒಂದರೊಳಗೂ ಏನೂ ಇರಲಿಲ್ಲ. ನಕಲು ನಡೆಯುತ್ತಿದ್ದುದು ಊರು ಮಲಗಿದ ಮೇಲೆ. ಮಲಗಿದವರು ಮಾತನಾಡುವುದಿಲ್ಲ, ಮಾತನಾಡದಿದ್ದರೆ ಬೀಗ ತೆರೆಯುವುದಿಲ್ಲ. ಬರಿಯ ಡಬ್ಬಿಗಳನ್ನು ಜೋಪಾನವಾಗಿ ಜೋಡಿಸಿಟ್ಟು ಯಂತ್ರ ಪ್ರತಿ ವಾರ ಮುಗಿಯಿತು ಎನ್ನುತ್ತಿತ್ತು. ನಕಲನ್ನು ಮರಳಿ ತಂದು ನೋಡುವ ತನಕ ಅದು ನಕಲಲ್ಲ ಎಂಬುದು ನೀಲಾಂಬಿಕೆಯ ಪಾಠದಲ್ಲಿ ಅವತ್ತಿನವರೆಗೆ ಇರಲಿಲ್ಲ.

ಹೊಸದಾಗಿ ಗಂಟಲು ಮಾಡೋಣವೆಂದರೆ ದಾರಿಯಿಲ್ಲ. ದ್ರೌಪದಿಬಾಯಿ ಶಸ್ತ್ರಕ್ರಿಯೆಗೆ ಮುಂಚೆ ಭಂಡಾರದ ಕೋಣೆಯಲ್ಲಿ ಕೂತು ದಿನಗಟ್ಟಲೆ ಓದಿದ್ದರು, ನಡುನಡುವೆ ರಕ್ತ ಬಂದರೂ ಒರೆಸಿಕೊಂಡು ಓದಿದ್ದರು. ಹಳೆಯ ಪ್ರಕಟಣೆಗಳ ಟೇಪುಗಳು ಬೂಷ್ಟು ಹಿಡಿದು ಗುಜರಿಗೆ ಹೋಗಿದ್ದವು. ಆ ಧ್ವನಿ ಈ ಲೋಕದಲ್ಲಿ ಉಳಿದದ್ದು ಆ ಒಂದು ಕಡತದಲ್ಲಿ.

"ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ್ವಾ?" ಸುಧನ್ವನ ಬೆರಳು ಆಗಲೇ ಕೀಲಿಯ ಮೇಲಿತ್ತು.

"ಕೈ ತಗೀರಿ!"

ಅವನು ಬೆಚ್ಚಿ ಕೈ ತೆಗೆದ. ಮನುಷ್ಯ ನೋಡಿ, ಸರಿಯಾಗಿ ಅರ್ಥ ಮಾಡಿಕೊಂಡ.

ಅವಳು ಇನ್ನೊಂದು ಸಾಲು ಬರೆದಳು: ಹೆಸರು ಹೋದರೂ ಯಾರದಾದರೂ ಕೈಯಲ್ಲಿರುವ ಕಡತ ತೋರಿಸು. ಪರದೆಯ ಮೇಲೆ ಒಂದೇ ಒಂದು ಉತ್ತರ ಮೂಡಿತು. ದ್ರೌಪದಿಬಾಯಿಯ ಗಂಟಲು.

ಕಡತ ಅಳಿಸಿದಾಗ ಮೊದಲು ಹೋಗುವುದು ಅದರ ಹೆಸರು ಮಾತ್ರ. ಮನೆಯ ಮುಂದಿನ ಫಲಕ ಕಿತ್ತರೂ ಒಳಗೆ ಜನ ವಾಸವಿರುವ ತನಕ ಮನೆ ಕೆಡವುವುದಿಲ್ಲವಲ್ಲ, ಹಾಗೆ. ಆ ಕಡತವನ್ನು ಹಿಡಿದು ಕೆಲಸ ಮಾಡುತ್ತಿರುವ ಒಂದು ಪ್ರೋಗ್ರಾಂ ಬದುಕಿದ್ದರೂ ಸಾಕು, ಒಳಗಿನದು ಉಳಿದಿರುತ್ತದೆ, ಆ ಕೈಯಿಂದಲೇ ಅದನ್ನು ನಕಲು ಮಾಡಿಕೊಳ್ಳಬಹುದು. ರೀಸ್ಟಾರ್ಟ್ ಮಾಡಿದ್ದರೆ ಆ ಕೈಯೂ ಬಿಟ್ಟುಹೋಗುತ್ತಿತ್ತು. ಅಂದರೆ ಹಳೇ ಹುಬ್ಬಳ್ಳಿಯಲ್ಲಿ ಈಗ ದ್ರೌಪದಿಬಾಯಿ ಯಾರ ಜೊತೆಗೋ ಮಾತನಾಡುತ್ತಿದ್ದಾರೆ!

ನೀಲಾಂಬಿಕಾ ನಕಲು ಶುರುಮಾಡಿದಳು. ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿಯೊಂದು ಇಷ್ಟಿಷ್ಟೇ ತುಂಬತೊಡಗಿತು. ಅದರ ಕೆಳಗೆ ಅವರ ಮಾತಿನ ಗೆರೆ ಏರಿಳಿಯುತ್ತಿತ್ತು. ಗೆರೆ ಏರಿದಾಗ ಪಟ್ಟಿ ತುಂಬುತ್ತದೆ, ಗೆರೆ ಮಲಗಿದಾಗ ನಿಲ್ಲುತ್ತದೆ. ಬಹಳ ಹೊತ್ತು ಮಲಗಿದರೆ ಮುಗಿಯಿತು.

ಹಳೇ ಹುಬ್ಬಳ್ಳಿಯ ಆ ಮನೆಯ ಬಾಗಿಲಲ್ಲಿ ದ್ರೌಪದಿಬಾಯಿ ಬದನೆಕಾಯಿ ಚೌಕಾಸಿ ಮಾಡುತ್ತಿದ್ದರು. "ಹುಲಕ ಅದಾವಲ್ಲೋ ತಮ್ಮಾ. ಮುಲ್ಲಗಾಯಿ ಅಂತಿ, ಮುಲ್ಲು ಎಲ್ಲದಾವು?" ಳಕಾರ ಕೈಕೊಟ್ಟಿದ್ದಕ್ಕೆ ಅವರಿಗೇ ಸಿಟ್ಟು ಬಂದು ಮಾತು ಮೊಟಕಾಯಿತು. ಕಾಯಿ ಆರಿಸಿ ಒಳಗೆ ಬಂದು ಕೂತರು. ಒಳಗೆ ಮೈದುನನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರೂ ವಿಧವೆಯರು, ಒಂದೇ ಒಲೆ. ಬೆಳಗ್ಗೆ ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಕಡಿಮೆಯಾಯಿತೆಂದು ಶುರುವಾದದ್ದು ಮಾತು ಬಿಡುವ ತನಕ ಬೆಳೆದಿತ್ತು. ದ್ರೌಪದಿಬಾಯಿ ಬದನೆಕಾಯಿಯನ್ನು ಕಸ್ತೂರಿಯ ಮುಂದೆ ಕುಕ್ಕಿ, ಈಳಿಗೆಮಣೆಯತ್ತ ಕೈ ತೋರಿಸಿ, ಗೋಡೆಗೆ ಒರಗಿದರು.

ಭಂಡಾರದಲ್ಲಿ ಗೆರೆ ಮಲಗಿತು.

ನೀಲಾಂಬಿಕಾ ನೇರ ಅವರಿಗೆ ಫೋನ್ ಮಾಡಿದಳು. "ಅಮ್ಮಾರ, ನಾ ಭಂಡಾರದಿಂದ ನೀಲಾಂಬಿಕಾ ಮಾತಾಡಾಕತ್ತೀನ್ರಿ. ನಿಮ್ಮ ಳ ಸರಿ ಮಾಡಬೇಕ್ರಿ. ಸ್ವಲ್ಪ ಮಾತಾಡ್ತಿರ್ರಿ."

"ಏನ ಮಾತಾಡ್ಲಿ?"

"ಏನರ ಹೇಳ್ರಿ. ಮನ್ಯಾಗಿಂದು, ಊರಾಗಿಂದು..."

"ಎಲ್ಲಾ ಅರಾಮ." ಸ್ವಲ್ಪ ತಡೆದು ಕೇಳಿದರು. "ಆ ಅಕ್ಷರ ಇಲ್ಲದ ಮಾತಾಡಿದ್ರೂ ನಡೀತದೇನು?"

"ನಡೀತದ್ರಿ, ಯಾವುದಾದ್ರೂ ನಡೀತದ!"

"ಹಂಗಾರ ಸಂಜೀಕ ಮಾಡವಾ" ಎಂದು ಅವರು ಫೋನ್ ಇಟ್ಟರು.

ನೀಲಾಂಬಿಕೆಗೆ ಅಳು ಬಂತು. ನಿಜ ಹೇಳಬೇಕಿತ್ತೇ? ನಿಜ ಕೇಳಿ ಅವರು ದಂಗಾಗಿ ಬಾಯಿ ಕಟ್ಟಿ ಕೂತರೆ ಅದೇ ಕಡತದ ಕೊನೆ. ಹೇಳದಿದ್ದರೆ ಅವರ ಗಂಟಲನ್ನು ಅವರಿಗೇ ತಿಳಿಯದಂತೆ ಬಳಸಿಕೊಂಡಂತೆ. ಬೀಗದ ಬಗ್ಗೆ ಮೇಜು ಕುಟ್ಟಿದವಳಿಗೆ ಅದು ಚುಚ್ಚಿತು. ಅಷ್ಟರಲ್ಲಿ ಸುಧನ್ವ ದ್ರೌಪದಿಬಾಯಿಯ ದಾಖಲೆಯಲ್ಲಿದ್ದ ಇನ್ನೊಂದು ಹೆಸರು ತೋರಿಸಿದ. ತುರ್ತು ಇದ್ದರೆ ಕರೆಯಬೇಕಾದವರು: ಕಸ್ತೂರಿ ಬಳಿಗಾರ.

ಕಸ್ತೂರಿ ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿ ಹಿತ್ತಲಿಗೆ ಹೋದಳು. ನೀಲಾಂಬಿಕಾ ಅವಳಿಗೆ ಒಂದನ್ನೂ ಮುಚ್ಚಿಡಲಿಲ್ಲ.

"ಅಂದ್ರ ಅಕ್ಕನ ಧ್ವನಿ ಹೋತೇನು?"

"ಇನ್ನೂ ಹೋಗಿಲ್ರಿ. ಅವರು ಮಾತಾಡೂತನಕ ಇರ್ತದ. ಹೆಂಗರ ಮಾಡಿ ಮಾತಾಡಸ್ರಿ."

"ನನ್ನ ಜೋಡಿ ಮಾತು ಬಿಟ್ಟಾಳವಾ ಆಕಿ." ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಇಣುಕಿದಳು. "ಇರ್ಲಿ. ಜಗಳಾ ತಗೀತೀನಿ."

ಫೋನನ್ನು ಹಾಗೇ ಚಾಲೂ ಇಟ್ಟು, ಒಳಗೆ ಬಂದು ಗೋಡೆಯ ಮಾಡದಲ್ಲಿ ನಿಲ್ಲಿಸಿ, ಕಸ್ತೂರಿ ಲಟಪಟ ರೊಟ್ಟಿ ಬಡಿಯುತ್ತ ಗೋಡೆಗೆ ಹೇಳುವಂತೆ ಹೇಳಿದಳು.

"ಬಸ್ ಸ್ಟ್ಯಾಂಡಿನ್ಯಾಗ ಕೂಗಿದ್ನಿ ಕೂಗಿದ್ನಿ ಅಂತಾರ. ನಾ ಮದಿವ್ಯಾಗಿ ಬಂದು ಮೊದಲನೇ ಸಲ ತವರಮನಿಗೆ ಹೊಂಟಾಗ, ಇವರ ಕೂಗು ಕೇಳೇ ಬಾದಾಮಿ ಬಿಟ್ಟು ಶಿರಸಿ ಬಸ್ ಹತ್ತಿದ್ದೆ."

ಭಂಡಾರದಲ್ಲಿ ಇಬ್ಬರೂ ಪರದೆ ನೋಡುತ್ತಿದ್ದರು. ಮಲಗಿದ್ದ ಗೆರೆ ಒಂದು ಸಲ ನಡುಗಿತು. ಆಮೇಲೆ ಎದ್ದು ಕುಣಿಯಿತು.

"ಏನಂದಿ? ನನ್ನ ಕೂಗು ಕೇಲಿ? ಶಿರಸಿ ಬಸ್ಸು ಯಾವ ಅಂಕಣಕ್ಕ ಬರ್ತಿತ್ತು, ಬಾದಾಮಿ ಬಸ್ಸು ಯಾವ ಅಂಕಣಕ್ಕ ಬರ್ತಿತ್ತು, ನಿನಗೇನರ ಖಬರ್ ಐತೇನು? ನೀ ಬಲಿ ಅಂಗಡಿ ಮುಂದ ಕೈಗೆ ಬಲಿ ಹಾಕಿ ನೋಡ್ಕೋತ ನಿಂತಿದ್ದಿ! ನಾ ಮೂರು ಸಲ ಕೂಗಿದ್ನಿ, ನವಲಗುಂದ, ನರಗುಂದ, ಕುಲಗೇರಿ ಕ್ರಾಸ್, ಬಾದಾಮಿ!"

"ಕುಲಗೇರಿ ಅಂತ. ಕುಳಗೇರಿ ಅನ್ನಾಕ ಬರಂಗಿಲ್ಲ."

"ಅದು ನನ್ನ ತಪ್ಪಲ್ಲ, ಆ ಭಂಡಾರದವರದು!"

ಸುಧನ್ವ ತಡೆಯಲಾರದೆ ನಕ್ಕುಬಿಟ್ಟ. ಹಸಿರು ಪಟ್ಟಿ ಅರ್ಧ ದಾಟಿತ್ತು. ಜಗಳ ಬಾದಾಮಿಯಿಂದ ಬೆಳ್ಳುಳ್ಳಿಗೆ, ಬೆಳ್ಳುಳ್ಳಿಯಿಂದ ಸತ್ತ ಅತ್ತೆಯ ಮೂಗುತಿಗೆ, ಅಲ್ಲಿಂದ ಯಾವುದೋ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬಲ್ಲಿಗೆ ಹೋಯಿತು. ಕಸ್ತೂರಿ ಎಲ್ಲಿಯೂ ಆಕೆಗೆ ದಮ್ಮು ತೆಗೆದುಕೊಳ್ಳಲು ಬಿಡಲಿಲ್ಲ. ಕೊನೆಗೆ ಮಾತಿನ ಭರದಲ್ಲಿ ಅಂದಳು. "ನಿನ್ನ ಈ ಬಾಯಿ ಸಲುವಾಗೇ..."

ಅಷ್ಟಕ್ಕೇ ನಿಂತಳು. ಧ್ವನಿ ಹೋತು ಎನ್ನಲು ಹೊರಟಿದ್ದಳು, ಕಣ್ಣಲ್ಲಿ ನೀರು ಬಂತು. ಹಿಟ್ಟಿನ ಕೈಯಿಂದಲೇ ಒರೆಸಿಕೊಂಡಳು, ಮುಖವೆಲ್ಲ ಬಿಳಿಯಾಯಿತು. ಜಗಳದಲ್ಲಿ ಅಳುವ ಪೈಕಿ ಅಲ್ಲ ಕಸ್ತೂರಿ. ದ್ರೌಪದಿಬಾಯಿ ಅವಳನ್ನು ನೋಡಿದರು. ಮಾಡದಲ್ಲಿ ಬೆಳಗುತ್ತಿದ್ದ ಫೋನನ್ನು ನೋಡಿದರು.

ಗೆರೆ ಮಲಗಿತು. ಪಟ್ಟಿ ಮುಕ್ಕಾಲು ದಾಟಿ ನಿಂತಿತ್ತು. ನೀಲಾಂಬಿಕಾ ಪರದೆಗೆ ಕೈ ಮುಗಿದು ನಿಂತಿದ್ದಳು, ಯಾವ ಪಾಠದಲ್ಲೂ ಇಲ್ಲದ ಉಪಾಯ ಅದು.

ಆಮೇಲೆ ಫೋನಿನಿಂದ ಸ್ಪಷ್ಟವಾದ, ಅವಸರವಿಲ್ಲದ ಧ್ವನಿ ಬಂತು.

"ಪ್ರಯಾಣಿಕರ ಗಮನಕ್ಕೆ. ಅಣ್ಣಿಗೇರಿ, ಗದಗ, ಕೊಪ್ಪಲ ಮಾರ್ಗವಾಗಿ ಹೊಸಪೇಟೆಗೆ ಹೋಗುವ ಬಸ್ಸು ಇನ್ನೇನು ಬರಲಿದೆ. ಪ್ರಯಾಣಿಕರು ದಯವಿಟ್ಟು ಅಂಕಣ ಬಿಟ್ಟು ಹೋಗಬಾರದು. ಕಲಘಟಗಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಕಾರವಾರಕ್ಕೆ ಹೋಗುವ ಬಸ್ಸು..."

ಶಿಗ್ಗಾಂವಿ, ಹಾವೇರಿ, ರಾಣೆಬೆನ್ನೂರು, ಹರಿಹರ. ತಡಸ, ಮುಂಡಗೋಡ, ಶಿರಸಿ. ಕುಂದಗೋಲ, ಲಕ್ಷ್ಮೇಶ್ವರ. ಒಂದು ಊರು ಮುಗಿದರೆ ಇನ್ನೊಂದು, ನಡುವೆ ಉಸಿರಿಗಷ್ಟೇ ಬಿಡುವು. ಕಸ್ತೂರಿ ಹೊಸ್ತಿಲಲ್ಲಿ ಕುಸಿದು ಕೂತು ಕೇಳುತ್ತಿದ್ದಳು. ಮುಕ್ಕಾಲಿನಲ್ಲಿ ನಿಂತಿದ್ದ ಪಟ್ಟಿ ಊರಿಂದ ಊರಿಗೆ ಸಾಗಿ ತುಂಬಿತು.

"ಬಂತು ಮೇಡಂ!" ಎಂದ ಸುಧನ್ವ.

"ಬಂದದ್ದು ಖರೇ ಬಂದದೋ ಇಲ್ಲೋ ನೋಡೂನು." ನೀಲಾಂಬಿಕಾ ನಕಲಿನ ಹೆಸರು ಬರೆದು, ಮುಂದೆ ತೆರೆ ಎಂದು ಬರೆದಳು. ಬರೆದದ್ದನ್ನು ಅಕ್ಷರ ಅಕ್ಷರ ಓದಿ ಎಂಟರ್ ಒತ್ತಿದಳು. ಗಂಟಲು ತೆರೆದುಕೊಂಡಿತು, ಒಳಗೆಲ್ಲ ತುಂಬಿತ್ತು. ಅವಳು ಅದನ್ನು ಮೊದಲಿನ ಹೆಸರಿಗೆ ಮರಳಿಸಿ, ಇನ್ನೂ ಒಂದು ನಕಲನ್ನು ಬೇರೆ ಯಂತ್ರಕ್ಕೆ ಕಳುಹಿಸಿ, ನಂತರವೇ ಫೋನಿನತ್ತ ತಿರುಗಿದಳು.

"ಅಮ್ಮಾರ, ಸಾಕ್ರಿ. ನಾ ನಿಮಗೊಂದು ಖರೇ ಮಾತು ಹೇಳಬೇಕ್ರಿ."

"ನನ್ನ ಗಂಟಲಕ್ಕ ಏನೋ ಆಗಿತ್ತು, ಹೌದಿಲ್ಲೋ?"

"ನಿಮಗ ಹೆಂಗ ಗೊತ್ತಾತ್ರಿ?"

"ಏನರ ಮಾತಾಡು, ಮಾತಾಡ್ತನ ಇರು ಅಂತ ನಮಗ ಯಾವಾಗ ಅಂತಿದ್ರು ಗೊತ್ತೇನು? ಬಸ್ಸು ನಡುದಾರ್ಯಾಗ ಕೆಟ್ಟು ನಿಂತಾಗ. ಜನ ಎದ್ದು ಹೋಗಬಾರದಂತ ನಾವು ಕೂಗ್ತಿದ್ವಿ. ಬಸ್ಸು ಬಂದು ನಿಂತಿದ್ರ ಯಾರೂ ಹಂಗ ಅನ್ನಂಗಿಲ್ಲ."

ನೀಲಾಂಬಿಕಾ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ತಾನು ತೆರೆಯಲು ಹೋದದ್ದು, ಯಂತ್ರ ಅಳಿಸಿದ್ದು, ಎರಡಕ್ಕೂ ಒಂದೇ ಪದ ಇದ್ದದ್ದು. ಆ ಕಡೆ ದ್ರೌಪದಿಬಾಯಿ ನಗುತ್ತಾರೇನೋ ಎಂದುಕೊಂಡಳು. ಅವರು ನಗಲಿಲ್ಲ.

"ನನ್ನ ಗಂಟಲಾ ಎರಡು ಸಲ ತಗದ್ರಿ ನೀವು. ಮೊದಲನೇ ಸಲ ಡಾಕ್ಟರು ಬಂದು ನನ್ನ ಮಂಚದ ಮ್ಯಾಲ ಕುಂತು, ಕೈ ಹಿಡಕೊಂಡು, ತಗೀಲೇನವಾ ಅಂತ ಕೇಲಿದ್ರು. ನಾ ಹೂಂ ಅಂದ ಮ್ಯಾಲೆ ತಗದ್ರು. ನಿಮ್ಮ ಯಂತ್ರಕ್ಕ ಅಪ್ಪಣೆ ಅಂತ ಹೆಸರಿಟ್ಟೀರಿ. ನನ್ನ ಅಪ್ಪಣೆ ಯಾರ ತಗೊಂಡ್ರಿ?"

ನೀಲಾಂಬಿಕಾ ತಪ್ಪಾಯಿತು ಎಂದಳು, ಅಳು ತಡೆಯಲಾಗಲಿಲ್ಲ.

"ಅಲಬ್ಯಾಡ. ಕಸ್ತೂರಿನೂ ಅಲ್ತಾಲ, ನೀನೂ ಅಲ್ತಿ, ನಾ ಎಷ್ಟು ಮಂದೀನ ಸಮಾಧಾನ ಮಾಡ್ಲಿ? ಆ ಯಂತ್ರಕ್ಕ ಕೇಲೂದು ಕಲಸು. ಕೇಲಾಕ ಧ್ವನಿ ಇಲ್ಲಂದ್ರ ನಂದು ತಗೋ, ಈ ಸಲ ನಾನ ಕೊಡ್ತೀನಿ. ಅದಕ್ಕೂ ಮೊದ್ಲ ಆ ಅಕ್ಷರ ಸರಿ ಮಾಡು."

ಈಗ ಧ್ವನಿ ಭಂಡಾರದಲ್ಲಿ ಯಾರಾದರೂ ತೆಗೆ ಎಂದು ಬರೆದು ಎಂಟರ್ ಒತ್ತಿದರೆ ಕೆಲಸ ಆಗುವುದಿಲ್ಲ. ಕೋಣೆಯ ಸ್ಪೀಕರಿನಲ್ಲಿ ಮೊದಲು ಟಿಂಗ್ ಎಂದು ಗಂಟೆಯಾಗುತ್ತದೆ, ಆಮೇಲೆ ದ್ರೌಪದಿಬಾಯಿಯ ಧ್ವನಿ. "ಪ್ರಯಾಣಿಕರ ಗಮನಕ್ಕೆ. ತೆರೆಯಬೇಕೋ, ಅಳಿಸಬೇಕೋ? ಅಳಿಸುವುದಾದರೆ, ಯಾರದ್ದೋ ಅವರನ್ನು ಕೇಳಿದ್ದೀರೋ?" ಕೇಳಿದ್ದೀರೋ ಎಂಬಲ್ಲಿ ಳಕಾರ ಖಣಖಣ ಎಂದು ಕೇಳಿಸುತ್ತದೆ. ಹೊಸಬರು ಮೊದಲ ಸಲ ಕೇಳಿದಾಗ ನಗುತ್ತಾರೆ. ನೀಲಾಂಬಿಕಾ ನಗುವುದಿಲ್ಲ. ತಾನು ಬರೆದ ಸಾಲಿನ ಮೊದಲಕ್ಕೆ ಹೋಗಿ ಅದನ್ನು ಇನ್ನೊಮ್ಮೆ ಓದುತ್ತಾಳೆ.